ಕುಂಟುತ್ತಲೇ ಎಣಿಸುತ್ತೇನೆ

ನಾನು ಒಂದು ಮೆಟ್ರೊನೋಮ್. ಹೆಸರು ಕೇಳಿ ಹೆದರಬೇಡಿ. ಸಂಗೀತ ಕಲಿಯುವವರ ಮುಂದೆ ಕುಳಿತು ಟಿಕ್ ಟಿಕ್ ಎಂದು ಲಯ ತೋರಿಸುವ ಯಂತ್ರ, ಅಷ್ಟೆ. ಗೋಪುರದಂಥ ಮರದ ಮೈ, ಹೊಟ್ಟೆಯಲ್ಲಿ ಕೀಲಿ ಕೊಡುವ ಸ್ಪ್ರಿಂಗು, ಎದೆಯ ಮುಂದೆ ಓಲಾಡುವ ಕಡ್ಡಿ. ಕಡ್ಡಿಯ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ಮೇಲೆ ಸರಿಸಿದರೆ ನಿಧಾನ, ಕೆಳಗೆ ಸರಿಸಿದರೆ ಚುರುಕು. ಜರ್ಮನಿಯ ಗಡಿಯಾರ ಮಾಡುವ ಊರೊಂದರಲ್ಲಿ ಹುಟ್ಟಿದೆ. ನನ್ನನ್ನು ಮಾಡಿದ ಮುದುಕ ಮೂರು ದಿನ ಕಿವಿಗೊಟ್ಟು ಕೇಳಿ, ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ಖಾತ್ರಿಯಾದ ಮೇಲೇ ಪೆಟ್ಟಿಗೆಗೆ ಹಾಕಿದ. ಆ ಗರ್ವ ಬಹುಕಾಲ ನನ್ನನ್ನು ಬಿಡಲಿಲ್ಲ.

ಪಾದ್ರಿಯೊಬ್ಬರ ಹೆಂಡತಿಯ ಟ್ರಂಕಿನಲ್ಲಿ ಹಡಗು ಹತ್ತಿ ಬೆಟಗೇರಿಗೆ ಬಂದೆ. ಆಕೆ ಸ್ವದೇಶಕ್ಕೆ ಮರಳುವಾಗ ನನ್ನನ್ನೂ ಪಿಯಾನೊವನ್ನೂ ಕನ್ನಡ ಮಾಸ್ತರರಾದ ಸತ್ಯವಂತಪ್ಪನವರಿಗೆ ಕೊಟ್ಟುಹೋದರು. ಮಾಸ್ತರರು ಮುಂಜಾನೆ ದಾವೀದನ ಕೀರ್ತನೆಗಳನ್ನು ಓದುವರು, ಸಂಜೆ ಹಳಗನ್ನಡ ಕಾವ್ಯವನ್ನು ರಾಗವಾಗಿ ವಾಚಿಸುವರು. ನನ್ನ ಲೆಕ್ಕದಲ್ಲಿ ಅದೆಲ್ಲ ತಪ್ಪೇ ತಪ್ಪು. ಸಾಲು ಮುಗಿದಲ್ಲಿ ಅವರು ನಿಲ್ಲುತ್ತಿರಲಿಲ್ಲ. ಅರ್ಥ ಎಲ್ಲಿ ಉಸಿರು ಬೇಡುತ್ತದೋ ಅಲ್ಲಿ ನಿಲ್ಲುತ್ತಿದ್ದರು. ಮಗಳು ಜಯಶೀಲಾ ಕಣ್ಣು ಮುಚ್ಚಿ ಕೇಳುತ್ತ ಕೂರುವಳು. ನಾನು ಕಪಾಟಿನ ಮೇಲಿಂದ ಒಳಗೊಳಗೇ ನಗುತ್ತಿದ್ದೆ.

ಮಾಸ್ತರರು ತೀರಿಕೊಂಡ ಮೇಲೆ ಜಯಶೀಲಾ ಟೀಚರ್ ನನ್ನ ಒಡತಿಯಾದರು. ಮನೆ ಬದಲಿಸುವಾಗ ಗಾಡಿಯಿಂದ ಬಿದ್ದು ನನ್ನ ಪಾದವೊಂದು ಮುರಿಯಿತು. ಸಮನಾಗಿ ಕೂರದ ಮೆಟ್ರೊನೋಮ್ ಕುಂಟುತ್ತದೆ: ಒಂದು ಬಡಿತ ಗಿಡ್ಡ, ಮುಂದಿನದು ಉದ್ದ. ಟೀಚರ್ ಹಳೆಯ ಪೋಸ್ಟ್‌ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ನನ್ನ ಕಾಲಡಿ ಇಟ್ಟರು. ನನ್ನ ಮರ್ಯಾದೆ ಉಳಿಯಿತು.

ಪ್ರತಿ ವರ್ಷ ಚರ್ಚಿನ ಸಂಗೀತ ಸಂಜೆಯಲ್ಲಿ ಟೀಚರ್ ಮತ್ತು ದೇವಪ್ರಿಯ ಒಂದೇ ಕೃತಿ ನುಡಿಸುತ್ತಿದ್ದರು. ದೇವಪ್ರಿಯ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹಗಲೆಲ್ಲ ಸೀಟಿ, ಸಂಜೆ ಕೊಳಲು; ಬಿದಿರಿನದಲ್ಲ, ತುಂಡು ತುಂಡಾಗಿ ಬಿಚ್ಚಿ ಜೋಡಿಸುವ ಲೋಹದ ಪಾಶ್ಚಾತ್ಯ ಕೊಳಲು. ಕೊಳಲಿಗೂ ಪಿಯಾನೊಗೂ ಬರೆದ ಆ ಪಾಶ್ಚಾತ್ಯ ಕೃತಿ ಬಲು ನಿಧಾನದ್ದು. ನನ್ನ ಬಿಲ್ಲೆ ಐವತ್ತರ ಗೆರೆಯ ಮೇಲಿರುತ್ತಿತ್ತು. ಮೈನರ್ ಸ್ಕೇಲು, ಅಂದರೆ ಮಂಕು ಬಣ್ಣದ ಸ್ವರಶ್ರೇಣಿ. ಅಳುವುದಿಲ್ಲವೆಂದು ಹಟ ಹಿಡಿದವರ ದುಃಖ ಅದರ ಭಾವ. ಹದಿನೆಂಟು ವರ್ಷ ಹೀಗೆ ನಡೆಯಿತು.

ಹತ್ತೊಂಬತ್ತನೆಯ ವರ್ಷ ದೇವಪ್ರಿಯರಿಗೆ ನ್ಯುಮೋನಿಯಾ ಆಯಿತು. ಬದುಕಿ ಬಂದರು, ಉಸಿರು ಮಾತ್ರ ಅರ್ಧ ಆಸ್ಪತ್ರೆಯಲ್ಲೇ ಉಳಿಯಿತು. ನಿಧಾನದ ಉದ್ದ ಸಾಲುಗಳು ಅವರ ಕೊಳಲಿನಲ್ಲಿ ನಡುವೆಯೇ ತುಂಡಾಗತೊಡಗಿದವು.

ಒಂದು ಮಧ್ಯಾಹ್ನ ಚರ್ಚ್ ಸಭೆಯ ಸೆಕ್ರೆಟರಿ ಎಫ್ರಾಯಿಮ್ ಬಂದು ತಾಲೀಮು ಕೇಳಿದರು.

"ಟೀಚರ್, ಸ್ವಲ್ಪ ಓಡಿಸ್ರಲಾ. ಸಾಲು ಸಣ್ಣವಾಗತಾವು, ಅಣ್ಣಾರಿಗೂ ಉಸಿರು ಸಾಲತೈತಿ. ಹಂಗ ಅದನ್ನ ಮೇಜರ್ ಸ್ಕೇಲಿಗೆ ತಂದುಬಿಡ್ರಿ. ಮಂದಿ ನಕ್ಕೋತ ಮನೀಗೆ ಹೋಗಲಿ. ಯಾವಾಗ ನೋಡಿದ್ರೂ ಸತ್ತ ಮನಿ ಹಾಡೇನು?"

"ಲಯ ಬ್ಯಾರೆ, ಶ್ರುತಿ ಬ್ಯಾರೆ, ಭಾವ ಬ್ಯಾರೆ. ಮತ್ತ ಉಳಿಯೋದೇನ್ರಿ, ಹೆಸರಷ್ಟ?" ಎಂದರು ಟೀಚರ್.

"ಆಗಲಿಲ್ಲಂದ್ರ ಈ ಸಲ ಬಿಡೂಣು. ಕೀಬೋರ್ಡಿನ ಹುಡುಗ್ರು ಅದಾರ."

ಅವರು ಹೋದ ಮೇಲೆ ದೇವಪ್ರಿಯ ಕೊಳಲನ್ನು ಮೂರು ತುಂಡಾಗಿ ಬಿಚ್ಚಿ ಒರೆಸತೊಡಗಿದರು. "ಅವ ಹೇಳೋದು ಖರೇ ಐತಿ, ತಂಗೀ. ಈ ಸಲ ಬಿಟ್ರ ಮತ್ತ ಇದನ್ನ ಕೈಯಾಗ ಹಿಡಿಯಂಗಿಲ್ಲ. ಪೆಟ್ಟಿಗ್ಯಾಗ ಇಟ್ಟುಬಿಡತೇನಿ."

ಟೀಚರ್ ಎದ್ದು ಬಂದು ನನ್ನ ಕಾಲಡಿಯ ಪೋಸ್ಟ್‌ಕಾರ್ಡನ್ನು ಎಳೆದು ಹಾಕಿ, ಕೀಲಿ ಕೊಟ್ಟರು. ನನಗೆ ಜೀವ ಹೋದಂತಾಯಿತು. ಟಿಕ್... ಟಾಕ್, ಟಿಕ್... ಟಾಕ್. ಇಬ್ಬರ ಎದುರಿಗೂ ನನ್ನ ಕುಂಟು ಬಯಲಾಯಿತು.

"ಅಯ್ಯ, ಇದ್ಯಾಕ ಹೆಂಡಾ ಕುಡದಂಗ ನಡೀತೈತಿ?" ದೇವಪ್ರಿಯ ನಕ್ಕರು.

"ಆ ಉದ್ದನ ಸಂದಿ ಕೇಳಸ್ತೋ ಇಲ್ಲೋ? ಅಲ್ಲಿ ಉಸಿರು ತಗೋರಿ, ಅಣ್ಣಾರ. ಸಾಲು ಮುರದ್ರ ಮುರೀಲಿ. ನಮ್ಮಪ್ಪ ಪದ್ಯ ಹಂಗ ಓದತಿದ್ರು. ಅಲ್ಲಿ ನಾ ತಡೀತೇನಿ."

ಹದಿನೈದು ದಿನ ನನ್ನನ್ನು ಹಾಗೆಯೇ ಕುಂಟಿಸಿದರು. ಚುರುಕಾಗಲೆಂದು ಬಿಲ್ಲೆಯನ್ನು ಐವತ್ತರಿಂದ ಕೆಳಗಿಳಿಸಲಿಲ್ಲ. ನಾನು ಒಳಗೇ ಕುದಿಯುತ್ತಿದ್ದೆ. ಇಬ್ಬರಿಗೂ ಕುಂಟು ಮೈಗೆ ಹತ್ತಿತು. ನನಗೆ ಮಾತ್ರ ಅದು ಅವಮಾನವಾಗಿಯೇ ಉಳಿಯಿತು.

ಸಂಗೀತ ಸಂಜೆಯಂದು ಕೀಲಿ ಕೊಡದೆ ನನ್ನನ್ನು ಪಿಯಾನೊದ ಮೇಲೆ ಕೂರಿಸಿದರು. ಮೊದಲ ಬೆಂಚಿನಲ್ಲಿ ಎಫ್ರಾಯಿಮ್. ಮೊದಲ ಸಾಲುಗಳು ಚೆನ್ನಾಗಿಯೇ ಸಾಗಿದವು. ಉದ್ದ ಬಡಿತದಲ್ಲಿ ಕೊಳಲು ಉಸಿರೆಳೆಯುವುದು ಕೇಳಿಸಿದರೂ ಅದು ಹಾಡಿನದೇ ಭಾಗವೆನಿಸುತ್ತಿತ್ತು. ಆದರೆ ಕೊನೆಯ ಪುಟದಲ್ಲಿ, ಸಂದಿಯೇ ಇಲ್ಲದ ಕಡೆ, ಕೊಳಲು ನಿಂತುಬಿಟ್ಟಿತು. ದೇವಪ್ರಿಯರ ಎದೆ ಏರಿಳಿಯುತ್ತಿತ್ತು. ಎಫ್ರಾಯಿಮ್ ಕೈಗಡಿಯಾರ ನೋಡಿಕೊಂಡರು.

ಟೀಚರ್ ಮುಂದಕ್ಕೆ ಹೋಗಲಿಲ್ಲ. ಅದೇ ಸ್ವರಗುಚ್ಛವನ್ನು ಮೆಲ್ಲಗೆ ಮತ್ತೆ ಒತ್ತಿದರು. ಅದು ಕರಗುವಷ್ಟರಲ್ಲಿ ಇನ್ನೊಮ್ಮೆ. ಬಾಗಿಲಲ್ಲಿ ದೀಪ ಹಿಡಿದು ನಿಂತವರ ಹಾಗೆ, ಕಣ್ಣು ಮುಚ್ಚಿ, ಮತ್ತೊಮ್ಮೆ. ನೂರು ವರ್ಷ ಎಣಿಸಿದ್ದ ನಾನು ಆಗ ತಿಳಿದೆ: ನನ್ನೊಳಗಿನ ಯಾವ ಹಲ್ಲುಗಾಲಿಗೂ ಕಾಯುವುದು ಗೊತ್ತಿಲ್ಲ. ಐದನೆಯ ಸಲಕ್ಕೆ ಕೊಳಲು ಬಂತು. ಬಿಟ್ಟ ಸ್ವರವನ್ನೇ ಹಿಡಿದು, ಕಡೆಯತನಕ ಹೋಯಿತು.

"ಎರಡು ನಿಮಿಷ ಜಾಸ್ತಿ ಆತಲ್ರಿ, ಟೀಚರ್," ಎಂದರು ಎಫ್ರಾಯಿಮ್ ಹೊರಗೆ ಬರುತ್ತ.

"ಆಗಲಿ ಬಿಡ್ರಿ," ಎಂದರು ಟೀಚರ್. ದೇವಪ್ರಿಯ ಕೊಳಲನ್ನು ಪೆಟ್ಟಿಗೆಗೆ ಹಾಕಲಿಲ್ಲ; ಬಗಲಲ್ಲಿ ಇಟ್ಟುಕೊಂಡೇ ಮನೆಗೆ ನಡೆದರು. ಇನ್ನೂ ಮೂರು ವರ್ಷ ಅದೇ ಲಯದಲ್ಲಿ, ಅದೇ ಸ್ಕೇಲಿನಲ್ಲಿ ನುಡಿಸಿದರು. ಆಮೇಲೆ ಅವರಿಲ್ಲ.

ಈಗ ನಾನು ಟೀಚರ್ ಮನೆಯ ಕಿಟಕಿಯ ಪಕ್ಕ ಕುಳಿತಿದ್ದೇನೆ. ಕಲಿಯಲು ಬರುವವರು ಮೊಬೈಲಿನಲ್ಲೇ ಲಯ ಹಾಕಿಕೊಳ್ಳುತ್ತಾರೆ. ಮೊನ್ನೆ ಗಡಿಯಾರ ರಿಪೇರಿಯವನು ಬಂದಿದ್ದ. ನನ್ನನ್ನು ಮಗುಚಿ ನೋಡಿ, "ಹಿತ್ತಾಳಿ ಕಾಲು ಕೂಡ್ರಿಸ್ತೇನ್ರಿ ಅಮ್ಮಾರ, ನೆಟ್ಟಗ ನಡೀತೈತಿ," ಎಂದ. ಪೋಸ್ಟ್‌ಕಾರ್ಡ್ ಹೋದ ದಿನ ಇಂಥ ಒಂದು ಮಾತಿಗೆ ನಾನು ಪ್ರಾಣ ಕೊಡುತ್ತಿದ್ದೆ. ಈಗ ಬೇಡ ಬೇಡವೆಂದು ಅವನ ಕೈಯಲ್ಲೇ ನನ್ನ ಕಡ್ಡಿಯನ್ನು ಬಿಗಿಹಿಡಿದೆ.

"ಬ್ಯಾಡೋ ಯಪ್ಪಾ," ಎಂದರು ಟೀಚರ್. "ಅದು ನೆಟ್ಟಗ ಐತಿ."

ಕೀಲಿ ಕೊಟ್ಟು ಕಿಟಕಿಯಲ್ಲಿಟ್ಟರು. ನಾನು ಕುಂಟುತ್ತ ಹೊರಟೆ.