ಬುಡದ ಮೇಲಿಟ್ಟ ಕಾಲು

ನಾನೊಂದು ಈಟಿ. ಎಸೆಯುವ ಈಟಿಯಲ್ಲ, ಊರುವ ಈಟಿ. ತುದಿಯನ್ನು ಬೆಂಕಿಯಲ್ಲಿ ಸುಟ್ಟು ಗಟ್ಟಿಮಾಡಿದ ಬರಿಯ ಕೋಲುಗಳು ನನ್ನ ಮುತ್ತಜ್ಜಂದಿರು. ಕಾಳಗಕ್ಕೆ ಕುದುರೆ ಬಂದ ಮೇಲೆ ನನ್ನಂಥವರು ಎರಡಾಳುದ್ದ ಬೆಳೆದೆವು. ಕಮ್ಮಾರ ಕಾಳಾಚಾರಿ ಪದ್ಯ ಹಾಡಿಕೊಳ್ಳುತ್ತಲೇ ನನ್ನ ಅಲಗನ್ನು ಬಡಿದು, ಗಟ್ಟಿಬಿದಿರಿನ ಕೋಲಿಗೆ ಸೇರಿಸಿದ. ಅವನ ಪದ್ಯಗಳಲ್ಲಿ ಈಟಿಗಳು ಮಿಂಚುತ್ತಿದ್ದವು, ವೀರರು ಮರದಂತೆ ಉರುಳುತ್ತಿದ್ದರು. ಸತ್ತವರಿಗೆ ತಾಯಂದಿರು ಇರುತ್ತಿರಲಿಲ್ಲ. ಭಕ್ತಿಯಿಂದ ಕೇಳಿದೆ, ಎಲ್ಲವನ್ನೂ ನಂಬಿದೆ.

ನನ್ನನ್ನು ಹಿಡಿದವನು ಪಾಳೆಯಗಾರನ ಕಾಲಾಳು ಕಾಟನಾಯಕ. ಸಾಲಾಗಿ ನಿಲ್ಲಬೇಕು, ಈಟಿಯ ಬುಡವನ್ನು ನೆಲಕ್ಕೂರಿ ಅದರ ಮೇಲೆ ಬಲಗಾಲಿಡಬೇಕು, ಮೊನೆಯನ್ನು ಕುದುರೆಯ ಎದೆಮಟ್ಟಕ್ಕೆ ಬಾಗಿಸಬೇಕು. ನಗಾರಿ ನಿಲ್ಲುವ ತನಕ ಕಾಲು ತೆಗೆಯುವಂತಿಲ್ಲ. ಒಬ್ಬ ತೆಗೆದರೆ ಅವನ ಈಟಿ ಜಾರಿ ಸಾಲೇ ಒಡೆದೀತು ಎಂದು ಎಲ್ಲರಿಂದಲೂ ಬುಡ ಮುಟ್ಟಿಸಿ ಆಣೆ ಮಾಡಿಸಿದ್ದರು.

ಶತ್ರು ಹೊಳೆಯಾಚೆ ಬೀಡುಬಿಟ್ಟಿದ್ದ. ಸಂಧಿ ಕೇಳಲು ನಮ್ಮ ಓಲೆಕಾರ ಸಿರಿಯಣ್ಣ ಆಚೆಗೆ ಹೋಗಿದ್ದ. ಒಪ್ಪಿಗೆ ತಂದನೆಂದರೆ ಎಲ್ಲರೂ ಮನೆಗೆ.

"ಏನ್ಲಾ ಕಾಟ, ಕಾಲು ನಡುಗ್ತಾ ಐತೆ?" ಎಂದ ಪಕ್ಕದ ಬೊಮ್ಮ.

"ನಡುಗ್ತಿರೋದು ನಿಂದು ಕಣಲೇ. ನನ್ನ ಕಾಲಿಗೆ ತಗಲ್ತಾ ಐತೆ."

ಅಷ್ಟರಲ್ಲಿ ಧೂಳೆದ್ದಿತು. ನಗಾರಿ ಬಡಿಯಿತು. ಒಂದೇ ಒಂದು ಕುದುರೆ, ನಗಾರಿಯ ಸದ್ದಿಗೆ ಬೆದರಿ, ಕಡಿವಾಣಕ್ಕೆ ಸಿಗದೆ ನೇರ ನಮ್ಮತ್ತಲೇ ನುಗ್ಗಿತು. ಮೇಲಿದ್ದವನು ಕೈಬೀಸಿ ಕೂಗುತ್ತಿದ್ದ.

"ನಮ್ಮ ಸಿರಿಯಣ್ಣ ಕಣಲೇ!" ಎಂದ ಕಾಟ.

"ನಗಾರಿ ನಿಂತಿಲ್ಲ ಕಾಟ! ಆಣೆ!"

ಕಾಟನ ಕಾಲು ಒಂದು ಬೆರಳಷ್ಟು ಮೇಲೆದ್ದಿತು. ಮತ್ತೆ ಕೂತಿತು. ಆ ಒಂದು ಬೆರಳನ್ನು ಬಲ್ಲವನು ನಾನೊಬ್ಬನೇ. ನಾನಾದರೂ ಬಾಗಬಹುದಿತ್ತು, ಬಿದಿರಿಗೆ ಬಾಗುವುದೇನು ಹೊಸದೇ? ಗಟ್ಟಿಯಾಗಿ ನಿಲ್ಲುವುದೇ ಹಿರಿಮೆ ಎಂದುಕೊಂಡೆ. ಕುದುರೆಯ ಕೊರಳು ಸವರಿ ನನ್ನ ಮೊನೆ ಸವಾರನ ಎದೆಗಿಳಿಯಿತು.

ಓಲೆ ಅವನ ಸೊಂಟದಲ್ಲಿತ್ತು. ಸಂಧಿಯಾಯಿತು. ಎಲ್ಲರೂ ಮನೆಗೆ ಹೋದರು.

ಕಾಟ ಮಾತ್ರ ಸಿರಿಯಣ್ಣನ ತಾಯಿ ತಿಪ್ಪವ್ವನ ಬಾಗಿಲಿಗೆ ಹೋದ. ನನ್ನನ್ನು ಅವಳ ಕಾಲಬುಡದಲ್ಲಿಟ್ಟ.

"ಅವ್ವಾ, ಗುರುತು ಸಿಕ್ಕಿತ್ತು. ಆಣೆ ಇತ್ತಲ್ಲ, ಕಾಲು ತೆಗೀಲಿಲ್ಲ."

"ತೆಗೆದಿದ್ರೆ?"

"ಒಂಟಿ ಕುದುರೆ. ಸಾಲೇನೂ ಒಡೀತಿರಲಿಲ್ಲ. ಅವನು ಉಳೀತಿದ್ದ."

ಮುದುಕಿ ನನ್ನನ್ನು ಅವನತ್ತಲೇ ತಳ್ಳಿದಳು. "ಇದನ್ನಿಲ್ಲಿ ಬಿಟ್ಟು ಹಗುರಾಗಿ ಹೋಗಬೇಡ ಮಗನೇ. ನಿಂದು, ನೀನೇ ಹೊರು."

ಹೊತ್ತ. ಕೋವಿಗಳು ಬಂದು ನನ್ನ ಜೊತೆಯವರೆಲ್ಲ ಕುಡುಗೋಲು, ನೇಗಿಲ ಗುಳಗಳಾದರೂ ಕಾಟ ನನ್ನನ್ನು ಕುಲುಮೆಗೆ ಕೊಡಲಿಲ್ಲ. ಆಯುಧಪೂಜೆಗೆ ಕುಂಕುಮ ಇಡಬಂದವರನ್ನು, "ಅದಕ್ಕೆ ಬೇಡ" ಎಂದು ತಡೆಯುತ್ತಿದ್ದ.

ಅವನೂ ಹೋದ. ಈಗ ಪಡಸಾಲೆಯ ಗೋಡೆಗೆ ಒರಗಿದ್ದೇನೆ, ಅಲಗು ತುಕ್ಕು ಹಿಡಿದಿದೆ. ಹಬ್ಬ ಬಂತೆಂದರೆ ಅವನ ಮೊಮ್ಮಕ್ಕಳು ನನಗೆ ಕುಂಕುಮ ಮೆತ್ತಿ, ನೆಂಟರಿಗೆ ಹೆಮ್ಮೆಯಿಂದ ಹೇಳುತ್ತಾರೆ: "ನೂರು ಜನ ಶತ್ರುಗಳನ್ನು ಕೊಂದ ಈಟಿ ಇದು!"

ನೂರಲ್ಲ ಮಕ್ಕಳೇ. ಒಬ್ಬ. ಅವನು ಕೈಬೀಸುತ್ತಿದ್ದ.