ಕಾರಂಜಿ ಬೇಡವೆಂದ ಹಗ್ಗ

ಓಣಿಯ ಈಚೆ ಬದಿ ನಗರಸಭೆಯ ಬಾಡಿಗೆ ಕಟ್ಟಡ; ಅದರ ನಾಲ್ಕನೆಯ ಮಹಡಿಯಲ್ಲಿ ದೊಡ್ಡಕ್ಕ. ಆಚೆ ಬದಿಯ ಮನೆಯಲ್ಲಿ, ಅಷ್ಟೇ ಎತ್ತರದಲ್ಲಿ, ಅವಳ ತಂಗಿ. ಎರಡು ಕಿಟಕಿಗಳ ನಡುವೆ ಬಟ್ಟೆ ಒಣಹಾಕುವ ಹಗ್ಗ, ತುದಿಗೊಂದು ರಾಟೆ. ಬೆಳಿಗ್ಗೆ ಅದರ ಮೇಲೆ ಹೊದಿಕೆ, ದಿಂಬಿನ ಚೀಲ. ಸಂಜೆ ಇಸ್ಪೀಟಿನ ಎಲೆ. ಬೇಡದ ಎಲೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಎಳೆದರೆ ಅದು ತೂಗುತ್ತ ತೊನೆಯುತ್ತ ಆಚೆ ದಡ ಸೇರುವುದು. ಎಳೆದು ಎಳೆದು ಕೈ ಸೋಲುವವಳು ದೊಡ್ಡಕ್ಕ, ಆಟ ಗೆಲ್ಲುವವಳು ತಂಗಿ.

"ಲೇ, ಮೋಸ ಮಾಡ್ತಿದ್ದೀಯ ನೀನು!"

"ಬಂದು ಹಿಡಿಯೇ ಅಕ್ಕ, ಯಾರು ಬೇಡ ಅಂದ್ರು?"

ಅದೇ ಆಗದ ಮಾತು. ಮೂರನೆಯ ಮಹಡಿಯ ತಿರುವಿನಲ್ಲಿ ಮೆಟ್ಟಿಲುಗಳ ಅಂಚು ಉದುರಿ, ಹಿಡಿದುಕೊಳ್ಳುವ ಕಂಬಿ ಕಳಚಿ ಬಿದ್ದಂದಿನಿಂದ ದೊಡ್ಡಕ್ಕ ನೆಲ ಮುಟ್ಟಿರಲಿಲ್ಲ. ಹರೆಯದವರು ಜಿಗಿದು ಓಡಾಡುತ್ತಿದ್ದರು. ಅವಳಿಗೆ ಹಾಲು, ತರಕಾರಿ, ಗುಳಿಗೆ, ಎಲ್ಲವೂ ಹಗ್ಗದ ಮೇಲೆಯೇ. ಅದೆಲ್ಲ ಸಹಿಸಬಹುದಿತ್ತು. ತಂಗಿಯ ಪಕ್ಕದಲ್ಲಿ ಕೂತು ಅವಳ ಕಳ್ಳಾಟವನ್ನು ಕೈಯಾರೆ ಹಿಡಿಯದೆ ಕಣ್ಣು ಮುಚ್ಚುವ ಹಾಗಾದರೆ? ಅದನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಬಡವರ ವಸತಿಯನ್ನು ಸುಧಾರಿಸಲೆಂದು ಕೇಂದ್ರ ಸರ್ಕಾರದಿಂದ ಅನುದಾನ ಬಂತು. ಅದರ ಉಸ್ತುವಾರಿ ನಗರಸಭೆಯ ಎಂಜಿನಿಯರಿಗೆ. ಓಣಿಯವರು ಆತನನ್ನು ಬಣ್ಣದ ಸಾಹೇಬ ಎನ್ನುತ್ತಿದ್ದರು. ಯಾವ ಅನುದಾನ ಬರಲಿ, ಆತನ ಕೈ ಹಾದ ಮೇಲೆ ಅದು ಬಣ್ಣವಾಗಿ ಯಾವುದೋ ಗೋಡೆ ಸೇರುತ್ತಿತ್ತು. ಈ ಸಲದ ಯೋಜನೆಯಲ್ಲಿ ಕಟ್ಟಡದ ಮುಖಕ್ಕೆ ತಿಳಿಹಳದಿ, ಓಣಿಯ ಬಾಯಿಗೆ ಒಂದು ಕಾರಂಜಿ.

ಕೇಂದ್ರದ ನಿಯಮ ಒಂದಿತ್ತು: ವಾಸವಿರುವವರ ಮಾತು ಕೇಳದೆ ಕೆಲಸ ಹಿಡಿಯುವಂತಿಲ್ಲ. ಸಾಹೇಬ ಕೇಳುವ ಕ್ರಮವೂ ಒಂದಿತ್ತು: ಎಲ್ಲರೂ ದುಡಿಯಲು ಹೋದ ಹೊತ್ತಿಗೆ ಬರುವುದು, ಅಂಗಳದ ನಡುವೆ ನಿಂತು ಮುಖ ಮೇಲೆತ್ತಿ "ಯಾರದ್ದಾದ್ರೂ ತಕರಾರು ಇದೆಯೇನ್ರೀ?" ಎಂದು ಕೂಗುವುದು, ಪಾರಿವಾಳಗಳು ಗುಟುರು ಹಾಕಿದರೆ ಅದನ್ನೇ ಒಪ್ಪಿಗೆಯೆಂದು ಬಗೆದು ಹೊರಡುವುದು.

ಈ ಸಲ ಜೊತೆಯಲ್ಲಿ ಕೇಂದ್ರದಿಂದ ಬಂದ ಅಧಿಕಾರಿಣಿಯೂ ಇದ್ದಳು. ಸಾಹೇಬ ಕೂಗಿದ. ನಾಲ್ಕನೆಯ ಮಹಡಿಯ ಕಿಟಕಿಯಿಂದ ನರೆತ ತಲೆಯೊಂದು ಹೊರಬಂತು.

"ಆಂ? ಏನಂದೆ?"

"ತಕರಾರು ಇದೆಯಾ ಅಜ್ಜೀ?"

"ಕೇಳಿಸ್ತಿಲ್ಲ ಕಣಪ್ಪ. ಮೇಲೆ ಬಾ."

ಓಣಿಯಾಚೆ ತಂಗಿ ಎಲೆ ಕಲಸಿದರೆ ಆ ಸದ್ದು ಕೇಳುವಷ್ಟು ಚುರುಕು ಕಿವಿ ಅವಳದು. ಸಾಹೇಬ ಮತ್ತೆ ಮತ್ತೆ ಕಿರುಚಿದ. ಆಗ ಎದುರು ಕಿಟಕಿಯಿಂದ ತಂಗಿ ದನಿಗೂಡಿಸಿದಳು: "ನಮ್ಮಕ್ಕ ಕೆಪ್ಪಿ ಸಾಹೇಬ್ರೇ, ಹುಟ್ಟು ಕೆಪ್ಪಿ! ತಲೆನೂ ಅಷ್ಟಕ್ಕಷ್ಟೇ!"

ದೊಡ್ಡಕ್ಕನ ಮೈಯೆಲ್ಲ ಉರಿಯಿತು. ಆದರೂ ಕಲ್ಲಿನಂತೆ ನಿಂತಳು.

"ಅವರ ಮಾತು ಕೇಳಿದ ಹಾಗಾಗ್ಲಿಲ್ವಲ್ಲ," ಎಂದಳು ಅಧಿಕಾರಿಣಿ. "ಹೋಗಿ ಬನ್ನಿ."

ಸಾಹೇಬ ಹೊರಟ. ಹತ್ತುವಾಗ ಕಣ್ಣು ಮೇಲಿರುತ್ತದೆ, ಕೆಳಗಿನ ಆಳ ಕಾಣುವುದಿಲ್ಲ. ಹೇಗೋ ಗೋಡೆಗೆ ಅಂಟಿಕೊಂಡು ತಿರುವು ದಾಟಿ ದೊಡ್ಡಕ್ಕನ ಕೋಣೆ ಸೇರಿದ. ಅವಳು ನೀರು ಕೊಟ್ಟಳು, ಕಿಟಕಿಯ ಬಳಿಯ ತನ್ನ ಕುರ್ಚಿಯನ್ನೇ ಕೊಟ್ಟಳು.

"ಕಾರಂಜಿ ಬಗ್ಗೆ ಏನಂತೀರಜ್ಜಿ?"

"ಬಲು ಚೆಂದ. ಇಳಿದು ಹೋಗಿ ನೋಡೋಣ, ನಡಿ. ನೀನು ಮುಂದೆ."

ಸಾಹೇಬ ಎದ್ದ, ಬಾಗಿಲವರೆಗೆ ಹೋದ, ತಿರುವಿನ ಬಿರುಕಿನಲ್ಲಿ ಮೂರು ಮಹಡಿಯಾಳದ ನೆಲವನ್ನು ಕಂಡ. ಬಂದು ಕುರ್ಚಿಯಲ್ಲಿ ಕೂತ. ಮತ್ತೆ ಏಳಲಿಲ್ಲ.

ಕಾದು ಸಾಕಾದ ಅಧಿಕಾರಿಣಿ ಎದುರು ಮನೆಯ ಗಟ್ಟಿ ಮೆಟ್ಟಿಲು ಹತ್ತಿ ತಂಗಿಯ ಕಿಟಕಿಗೆ ಬಂದು ನಿಂತಳು. ಓಣಿಯಾಚೆ ಸಾಹೇಬನ ಬಿಳಿಚಿದ ಮುಖ ಕಂಡಿತು. ಅವನ ಹಿಂದಿನ ಬೀರುವಿನ ಕನ್ನಡಿಯಲ್ಲಿ ಬೆವರಿಗೆ ಅಂಟಿದ ಅಂಗಿಯ ಬೆನ್ನೂ ಕಂಡಿತು.

"ಏನಾಯ್ತ್ರೀ?"

"ಮೇಡಂ, ಕಾರಂಜಿ ಬೇಡ! ಬಣ್ಣನೂ ಬೇಡ! ಮೊದಲು ಮೆಟ್ಟಿಲು ಮಾಡಿಸ್ಬೇಕು! ಅಜ್ಜಿ ಹಾಗಂತಾರೆ!"

"ನಾನೆಲ್ಲಪ್ಪ ಅಂದೆ?" ಎಂದಳು ದೊಡ್ಡಕ್ಕ. "ನಿನ್ನ ಬಾಯಲ್ಲೇ ಬಂತಲ್ಲ. ನಿಧಾನ ಮಾಡಬಹುದು ಮೇಡಂ, ಇವರಿಗೆ ಇಲ್ಲೇ ಚಾಪೆ ಹಾಸ್ತೀನಿ."

ಯೋಜನೆಯ ಹಾಳೆ ಕ್ಲಿಪ್ಪಿಗೆ ಸಿಕ್ಕಿ, ತೂಗುತ್ತ ತೊನೆಯುತ್ತ ಓಣಿ ದಾಟಿತು. ಸಾಹೇಬ ಕಾರಂಜಿಯನ್ನು ಹೊಡೆದು ಹಾಕಿ ಮೆಟ್ಟಿಲು, ಕಂಬಿ ಎಂದು ಬರೆದು ಸಹಿ ಮಾಡಿದ. ಹಾಳೆ ಹಿಂದಿರುಗಿ ಅಧಿಕಾರಿಣಿಯ ಒಪ್ಪಿಗೆ ಪಡೆಯಿತು. ಸಾಹೇಬನನ್ನು ಇಳಿಸಲು ಅಗ್ನಿಶಾಮಕದವರು ಏಣಿ ತಂದರು. ಅಷ್ಟರಲ್ಲಿ ಅವನು ದೊಡ್ಡಕ್ಕನ ಪರವಾಗಿ ಒಂದು ಆಟವಾಡಿ ಸೋತಿದ್ದ.

ಮೆಟ್ಟಿಲು ಮುಗಿದ ಸಂಜೆ ದೊಡ್ಡಕ್ಕ ಹೊಸ ಕಂಬಿಯನ್ನು ಸವರುತ್ತ ಸವರುತ್ತ ಇಳಿದಳು, ಓಣಿ ದಾಟಿದಳು, ತಂಗಿಯ ಕೋಣೆ ಹೊಕ್ಕು ಅವಳ ಪಕ್ಕದಲ್ಲೇ ಕೂತಳು.

"ಈಗ ಆಡು, ಕಳ್ಳಿ!"

ತಂಗಿ ಆಡಿದಳು. ಸೋತಳು. ಮತ್ತೆ ಆಡಿ ಮತ್ತೆ ಸೋತಳು. ಅವಳ ತೋಳಲ್ಲಿ ಎಲೆಯಿಲ್ಲ, ಮಡಿಲಲ್ಲಿ ಎಲೆಯಿಲ್ಲ. ಕಣ್ಣು ಮಾತ್ರ ಪದೇ ಪದೇ ಕಿಟಕಿಯ ಕಡೆ. ದೊಡ್ಡಕ್ಕನೂ ಅತ್ತ ನೋಡಿದಳು. ಓಣಿಯಾಚೆ ತನ್ನ ಕೋಣೆ, ತನ್ನ ಖಾಲಿ ಕುರ್ಚಿ, ಅದರ ಹಿಂದೆ ಸಂಜೆಬಿಸಿಲಿಗೆ ಥಳಥಳಿಸುವ ಬೀರುವಿನ ಕನ್ನಡಿ. ಕುರ್ಚಿಯ ಕೈಯ ಮೇಲೆ ತಾನು ಬಿಟ್ಟುಬಂದ ಹಳೆಯ ಕನ್ನಡಕದ ಕಡ್ಡಿಗೆ ಸುತ್ತಿದ ದಾರವೂ ಅದರಲ್ಲಿ ಕಾಣುತ್ತಿತ್ತು.

ಅವಳು ಎಲೆ ಕೆಳಗಿಟ್ಟಳು. ತಂಗಿಯ ಕೆನ್ನೆ ತಟ್ಟಿ ಮನೆಗೆ ಬಂದಳು.

ಮರುದಿನ ಅದೇ ಕುರ್ಚಿ, ಅದೇ ಕನ್ನಡಿ, ಅದೇ ಹಗ್ಗ. ದೊಡ್ಡಕ್ಕ ಕೆಲಸಕ್ಕೆ ಬಾರದ ಎಲೆಗಳನ್ನು ಕನ್ನಡಿಗೆ ಕಾಣುವಂತೆ ಹರಡಿ, ಒಳ್ಳೆಯವನ್ನೆಲ್ಲ ಅವುಗಳ ಮರೆಗೆ ಸೇರಿಸಿ ಹಿಡಿದಳು. ಗೆದ್ದಳು. ಗೆಲ್ಲುತ್ತಲೇ ಹೋದಳು.

ಕೊನೆಗೆ ಓಣಿ ಮೊಳಗುವ ಹಾಗೆ ತಂಗಿ ಕಿರುಚಿದಳು: "ಅಕ್ಕಾ! ಮೋಸ ಮಾಡ್ತಿದ್ದೀಯ ನೀನು!"

ದೊಡ್ಡಕ್ಕ ಕಿವಿಗೆ ಕೈ ಅಡ್ಡ ಹಿಡಿದಳು.

"ಆಂ? ಕೇಳಿಸ್ತಿಲ್ಲ ಕಣೇ. ಮೇಲೆ ಬಾ, ಮೆಟ್ಟಿಲು ಗಟ್ಟಿಯಾಗಿದೆ."