ಲೋಳೆರಾಣಿ

"ತಡೀರಿ, ನಾನೂ ಹಿಡೀತೀನಿ," ಎನ್ನುತ್ತ ಅಣ್ಣ ಊರುಗೋಲನ್ನು ಗೋಡೆಗೊರಗಿಸಿ, ಇದ್ದೊಂದು ಕಾಲಿನ ಮೇಲೆ ನಿಂತು, ತಂಗಿಯ ಶವಪೆಟ್ಟಿಗೆಯ ಅಂಚು ಹಿಡಿದ.

"ಬೇಡ ಮಾವ, ಬಿದ್ದುಬಿಡ್ತೀರ." ತಂಗಿಯ ಮಗಳು ಅವನನ್ನು ಕುರ್ಚಿಯಲ್ಲಿ ಕೂರಿಸಿದಳು. "ಗಾಡಿ ಇನ್ನೂ ಬಂದಿಲ್ಲ. ಅಮ್ಮ ಇದ್ದಿದ್ರೆ ಬೈತಿದ್ಳು."

"ನಿಮ್ಮಮ್ಮ ನನ್ನ ಬೈಯೋದು ಬಿಟ್ಟು ಎಷ್ಟು ಕಾಲ ಆಯ್ತೇ! ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು."

*

ತಂಗಿಗೆ ಇನ್ನೂ ಮದುವೆಯಾಗಿರಲಿಲ್ಲ. ಆಗ ಅವನ ಮುರಿದ ಕಾಲಿಗೆ ಸ್ಟೀಲಿನ ಸರಳು ಹಾಕಿದ್ದರು. ಅದಕ್ಕೆ ಸೋಂಕು ತಗುಲಿ ಗಾಯ ಮಾಯಲೇ ಇಲ್ಲ. ತಂಗಿಗೆ ಅವನಿದ್ದ ಆಸ್ಪತ್ರೆಯ ಪ್ರಯೋಗಾಲಯದಲ್ಲೇ ಕೆಲಸ.

"ಬ್ಯಾಕ್ಟೀರಿಯಾಗಳು ಸರಳಿನ ಮೇಲೆ ಲೋಳೆ ಕಟ್ಕೊಂಡು ಒಳಗೆ ಬೆಚ್ಚಗೆ ಕೂತಿವೆ ಅಣ್ಣ. ಔಷಧಿ ಒಳಗೆ ಇಳೀತಿಲ್ಲ. ಆ ಲೋಳೆ ಕರಗಿಸೋ ಕಿಣ್ವ ಗಾಜಿನ ತಟ್ಟೇಲಿ ಕೆಲಸ ಮಾಡ್ತಿದೆ. ಮನುಷ್ಯರಿಗೆ ಕೊಡೋಕೆ ಇನ್ನೂ ಸಮಯ ಬೇಕು."

"ಬೇಗ ಮಾಡೇ ಲೋಳೆರಾಣಿ. ನಿನ್ನ ಮದುವೇಲಿ ಕುಣೀಬೇಕು ನಾನು."

ಅವಳು ನಗುತ್ತ ಅವನ ತಲೆಗೆ ಮೊಟಕಿದಳು. ಆದರೆ ನಂಜು ರಕ್ತಕ್ಕೇರಿತು. ಅವನಿಗೆ ಪ್ರಜ್ಞೆ ಇರಲಿಲ್ಲ. ಕಾಲು ತೆಗೆಯಲು ಒಪ್ಪಿಗೆ ಕೊಟ್ಟವಳು ಅವಳೇ.

ಎಚ್ಚರವಾದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿ, "ಇನ್ನೊಂದಷ್ಟು ದಿನ ಕಾಯಬೇಕಿತ್ತು ನೀನು," ಅಂದ.

ಅಂದದ್ದು ಒಂದೇ ಸಲ. ಆಮೇಲೆ ಅವಳು ಮನೆಗೆ ಬಂದರೂ ನೆಂಟರಂತೆ ತುದಿಗೆ ಕೂತು, ಎದ್ದು ಹೋಗುತ್ತಿದ್ದಳು. 'ಲೋಳೆರಾಣಿ' ಎಂದು ಕರೆದುಬಿಡಬೇಕೆಂದು ಅವನಿಗೆ ಪ್ರತಿ ಸಲವೂ ಅನಿಸುತ್ತಿತ್ತು. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯುತ್ತಿತ್ತು.

*

ಪೆಟ್ಟಿಗೆಗೆ ಕೈಮುಗಿದು ಅಪರಿಚಿತನೊಬ್ಬ ಪಕ್ಕದಲ್ಲಿ ಬಂದು ಕೂತ.

"ಬಸ್ ಡ್ರೈವರ್ ನಾನು. ನನ್ನ ಕಾಲಲ್ಲಿ ಸ್ಟೀಲಿನ ಸರಳಿದೆ, ಅದಕ್ಕೆ ನಂಜಾಗಿತ್ತು. ಕತ್ತರಿಸಲೇಬೇಕು ಅಂದಿದ್ರು. ಮೇಡಂ ಮಾಡಿದ ಕಿಣ್ವದಲ್ಲಿ ತೊಳೆದ್ರು, ಆಮೇಲೆ ಔಷಧಿ ಹಿಡೀತು." ಅವನು ದನಿ ತಗ್ಗಿಸಿದ. "ನಾನು ಎದ್ದು ನಡೆದ ದಿನ ಮೇಡಂ ಬಿಕ್ಕಿಬಿಕ್ಕಿ ಅತ್ತುಬಿಟ್ರು. ಯಾಕೋ ನನಗೆ ತಿಳೀಲಿಲ್ಲ."

ಅಣ್ಣ ಅವನ ಕಾಲಿನ ಕಡೆ ನೋಡಿದ.

"ಸ್ವಲ್ಪ ತೋರಿಸ್ತೀರಾ?"

ಡ್ರೈವರ್ ಪ್ಯಾಂಟನ್ನು ಮೊಣಕಾಲಿನತನಕ ಮಡಚಿದ. ಉದ್ದಕ್ಕೂ ಒಂದು ಬಿಳಿ ಗೆರೆ. ಅಣ್ಣ ಬಗ್ಗಿ ಅದರ ಮೇಲೆ ಅಂಗೈ ಇಟ್ಟ. ಚರ್ಮ ಬೆಚ್ಚಗಿತ್ತು, ಒಳಗೆಲ್ಲೋ ಸಣ್ಣಗೆ ನಾಡಿ ಮಿಡಿಯುತ್ತಿತ್ತು.

ಹೊರಗೆ ಗಾಡಿ ಬಂದು ನಿಂತಿತು. "ಮಾವ, ಹೊರಡೋಣ," ಎಂದು ಹುಡುಗಿ ಕರೆದಳು. ಅಣ್ಣ ಕೈ ತೆಗೆಯಲಿಲ್ಲ. ಡ್ರೈವರೂ ಕಾಲು ಕದಲಿಸಲಿಲ್ಲ.